ಗೋಡೆಗೆ ಅಂಟಿದ ಅಂಕಿ: ಮೆಡೆಯಿನ್‌ನಲ್ಲಿ ಒಂದು ಮಂಗಳವಾರ

ಬೆಳಗಿನ ಐದೂವರೆಗೆ ನಾನು ಕೆಲಸಕ್ಕೆ ಕೂರುತ್ತೇನೆ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಸಂಜೆ ನಾಲ್ಕು. ಅಲ್ಲಿನ ತಂಡದವರು ಮನೆಗೆ ಹೊರಡುವ ಮೊದಲು ನನ್ನ ತಲೆಗೊಂದಿಷ್ಟು ಕೆಲಸ ಕಟ್ಟಲು ಕಾದಿರುತ್ತಾರೆ. ಹತ್ತೂವರೆ ಗಂಟೆಯ ಈ ಅಂತರದಿಂದಾಗಿ ನನ್ನ ದುಡಿಮೆಯ ದಿನ ಮಧ್ಯಾಹ್ನ ಒಂದಕ್ಕೇ ಮುಗಿದುಹೋಗುತ್ತದೆ. ನಸುಕಿನಲ್ಲಿ ಏಳುವುದು ಕಷ್ಟವೆಂದು ಇಲ್ಲಿ ಯಾರ ಬಳಿಯೂ ಗೋಳು ಹೇಳಿಕೊಳ್ಳುವಂತಿಲ್ಲ, ಏಕೆಂದರೆ ಈ ಊರೇ ನಸುಕಿನಲ್ಲಿ ಏಳುತ್ತದೆ. ಕಿಟಕಿಯ ಕೆಳಗೆ ಆಗಲೇ ಬಸ್ಸಿಗೆ ಕಾದವರ ಮಾತು, ಮೋಟಾರುಬೈಕುಗಳ ಗುಡುಗು. ಅವುಗಳಲ್ಲಿ ಎಷ್ಟೋ ನಮ್ಮ ಬಜಾಜ್, ಟಿವಿಎಸ್ ಗಾಡಿಗಳೇ. ನಾನು ಭಾರತದವನೆಂದು ತಿಳಿದಾಗ ಬೀದಿಯ ಗ್ಯಾರೇಜಿನ ಹುಡುಗ ಕೇಳಿದ್ದು ಯೋಗದ ಬಗ್ಗೆಯೂ ಅಲ್ಲ, ಸಿನಿಮಾದ ಬಗ್ಗೆಯೂ ಅಲ್ಲ, ಪಲ್ಸರ್ ಅಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು.

ದಕ್ಷಿಣ ಅಮೆರಿಕದ ಕೊಲಂಬಿಯದಲ್ಲಿರುವ ಈ ಊರಿನ ಹೆಸರನ್ನು ಕಾಗದದ ಮೇಲೆ ಮೆಡೆಲಿನ್ ಎಂದು ಓದಿಬಿಡುತ್ತೇವೆ. ಇಲ್ಲಿಯವರ ಬಾಯಲ್ಲಿ ಅದು ಮೆಡೆಯಿನ್. ಸಮುದ್ರ ಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಕಣಿವೆ. ನಡುವೆ ನದಿ, ಎರಡೂ ಕಡೆ ಬೆಟ್ಟ, ಬೆಟ್ಟದ ತುದಿಯವರೆಗೂ ಕೆಂಪು ಇಟ್ಟಿಗೆಯ ಮನೆಗಳು. ಹವೆ ವರ್ಷವಿಡೀ ಬೆಂಗಳೂರಿನ ಒಳ್ಳೆಯ ದಿನಗಳ ಹಾಗೆ. ಫ್ಯಾನೂ ಬೇಡ, ರಗ್ಗೂ ಬೇಡ. ಫ್ಯಾನು ಬೇಡವೆಂಬ ಈ ಮಾತು ಮುಂದೆ ಲೆಕ್ಕಕ್ಕೆ ಬರಲಿದೆ, ನೆನಪಿರಲಿ.

ಮನೆಯ ಒಡತಿ ಮೇಲಿನ ಮಹಡಿಯಲ್ಲಿದ್ದಾರೆ. ಹೆಸರಿನ ಮೊದಲು ಗೌರವದ ‘ದೋನ್ಯಾ’ ಸೇರಿಸದೆ ಅವರನ್ನು ಬೀದಿಯಲ್ಲಿ ಯಾರೂ ಕರೆಯುವುದಿಲ್ಲ. ನನಗೆ ನೆಗಡಿಯೆಂದು ಕೇಳಿದ ದಿನ ಅವರೊಂದು ಲೋಟ ಬಿಸಿ ಕಂದು ನೀರು ತಂದುಕೊಟ್ಟರು. ಒಂದು ಗುಟುಕಿಗೇ ಗೊತ್ತಾಯಿತು, ಬೆಲ್ಲದ ನೀರು. ಇಲ್ಲಿ ಬೆಲ್ಲಕ್ಕೆ ಪನೇಲಾ ಎಂದು ಹೆಸರು, ಆಲೆಮನೆಗೆ ತ್ರಪೀಚೆ. ಬೆಲ್ಲ ತಯಾರಿಸುವುದರಲ್ಲಿ ಭಾರತದ ನಂತರದ ಸ್ಥಾನ ಕೊಲಂಬಿಯದ್ದೇ. ಮಂಡ್ಯದ ಕಡೆಯಿಂದ ಬಂದವನಿಗೆ ಪರದೇಶದಲ್ಲಿ ಇದಕ್ಕಿಂತ ದೊಡ್ಡ ಸಮಾಧಾನ ಬೇಕಿಲ್ಲ. ಕಾಫಿಯ ಬಗ್ಗೆ ಮಾತ್ರ ಕೇಳಬೇಡಿ. ಲೋಕಕ್ಕೆಲ್ಲ ಕಾಫಿ ಕಳಿಸುವ ನಾಡಿನ ಬೀದಿಬದಿಯಲ್ಲಿ ಸಿಗುವ ‘ತಿಂತೊ’ ತೆಳ್ಳಗಿನ ಕರಿ ಕಷಾಯ. ಒಳ್ಳೆಯ ಬೀಜ ಹಡಗು ಹತ್ತಿರುತ್ತದೆ.

ಹೇಳಬೇಕೆಂದಿರುವುದು ಬೇರೆ. ಆ ಮಂಗಳವಾರ ಬೆಳಿಗ್ಗೆ ಬಾಗಿಲ ಸಂದಿಯಿಂದ ತಿಂಗಳ ಬಿಲ್ಲು ಒಳಗೆ ಜಾರಿತು. ನೀರು, ಕರೆಂಟು, ಅಡುಗೆ ಅನಿಲ, ಕಸ ಎಲ್ಲವೂ ಒಂದೇ ಬಿಲ್ಲಿನಲ್ಲಿ. ಇದನ್ನು ಕಳಿಸುವುದು ನಗರಾಡಳಿತದ್ದೇ ಒಡೆತನದ, 1955ರಲ್ಲಿ ಹುಟ್ಟಿದ ಇಪಿಎಂ ಸಂಸ್ಥೆ. ಬಂದ ಹೊಸದರಲ್ಲಿ ನಾನು ಕಟ್ಟಬೇಕಾದ ಮೊತ್ತವನ್ನಷ್ಟೇ ನೋಡಿ ಹಾಳೆ ಮಡಚಿಡುತ್ತಿದ್ದೆ. ಇಲ್ಲಿಯವರ ಕಣ್ಣು ಮೊದಲು ಹೋಗುವುದು ವಿಳಾಸದ ಹತ್ತಿರ ಅಚ್ಚಾಗಿರುವ ಒಂದು ಪದ ಮತ್ತು ಒಂದು ಅಂಕಿಯ ಕಡೆಗೆ. ನನ್ನ ಬಿಲ್ಲಿನಲ್ಲಿ ಅದು ‘ಎಸ್ತ್ರಾತೊ 3’.

ಎಸ್ತ್ರಾತೊ ಎಂದರೆ ಪದರ. ನಮ್ಮ ‘ಸ್ತರ’ವೇ ಅದು. ಲ್ಯಾಟಿನ್ನಿನಿಂದ ಸ್ಪ್ಯಾನಿಷಿಗೆ ಬಂದ ಆ ಪದವೂ ಸಂಸ್ಕೃತದಿಂದ ಕನ್ನಡಕ್ಕೆ ಬಂದ ಈ ಪದವೂ ‘ಹರಡು, ಹಾಸು’ ಎಂಬ ಅರ್ಥದ ಒಂದೇ ಹಳೆಯ ಬೇರಿನವು. ಕೊಲಂಬಿಯ ತನ್ನ ನಗರಗಳ ಮನೆಗಳನ್ನೆಲ್ಲ ಆರು ಸ್ತರಗಳಲ್ಲಿ ಹಾಸಿಟ್ಟಿದೆ. ಒಂದನೆಯದರ ಅಧಿಕೃತ ಹೆಸರು ‘ಬಾಹೊ-ಬಾಹೊ’, ಅಂದರೆ ಕೆಳಗಿನದರಲ್ಲೂ ಕೆಳಗಿನದು. ಆರನೆಯದು ‘ಆಲ್ತೊ’, ಎತ್ತರದ್ದು. ಸರಕಾರವೊಂದು ಇಷ್ಟು ನೇರವಾಗಿ ಹೆಸರಿಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದರ ಹಿಂದಿನ ಯೋಚನೆ ಕೆಟ್ಟದ್ದೇನಲ್ಲ. ನೀರು, ಬೆಳಕು ಎಲ್ಲರಿಗೂ ಬೇಕು. ಎಲ್ಲರಿಗೂ ಒಂದೇ ದರ ಹಾಕಿದರೆ ಬಡವರಿಗೆ ಆಗದು. ಆದ್ದರಿಂದ ಉಳ್ಳವರು ಸ್ವಲ್ಪ ಹೆಚ್ಚು ಕೊಡಲಿ, ಅದರಿಂದ ಇಲ್ಲದವರ ಬಿಲ್ಲು ಇಳಿಯಲಿ. ಸ್ತರ ವಿಂಗಡಣೆ 1980ರ ದಶಕದಿಂದಲೇ ನಡೆದಿತ್ತು. 1992ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಬತ್ತಿದಾಗ, ಜಲವಿದ್ಯುತ್ತನ್ನೇ ನೆಚ್ಚಿದ್ದ ದೇಶ ತಿಂಗಳುಗಟ್ಟಲೆ ಕತ್ತಲಲ್ಲಿ ಕುಳಿತಿತು. ಹಗಲಿನ ಬೆಳಕು ಹೆಚ್ಚು ಬಳಕೆಯಾಗಲೆಂದು ಅಂದಿನ ಅಧ್ಯಕ್ಷ ಸೆಸಾರ್ ಗವೀರಿಯ ಇಡೀ ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದೆ ತಿರುಗಿಸಿದರು. ಆ ಪೆಟ್ಟಿನ ನಂತರ ವಿದ್ಯುತ್ ಮತ್ತು ನೀರಿನ ವ್ಯವಸ್ಥೆಗೆ ಹೊಸ ಕಟ್ಟಳೆ ಬಂತು. 1994ರ 142ನೇ ಕಾನೂನು ಸ್ತರಗಳನ್ನೂ ಸಬ್ಸಿಡಿಯನ್ನೂ ಗಂಟುಹಾಕಿತು.

ಲೆಕ್ಕ ಹೀಗಿದೆ. ಒಂದು ಯೂನಿಟ್ ಕರೆಂಟಿನ ನಿಜವಾದ ವೆಚ್ಚ 100 ಪೆಸೊ ಎಂದು ಸುಮ್ಮನೆ ಇಟ್ಟುಕೊಳ್ಳೋಣ. ಒಂದನೇ ಸ್ತರದ ಮನೆಗೆ ಶೇ 60ರವರೆಗೆ ರಿಯಾಯಿತಿ ಸಿಗಬಹುದು, ಅವರು 40 ಕೊಟ್ಟರೆ ಸಾಕು. ಎರಡನೆಯದಕ್ಕೆ ಶೇ 50ರವರೆಗೆ, ನನ್ನ ಮೂರಕ್ಕೆ ಶೇ 15ರವರೆಗೆ. ನಾಲ್ಕನೇ ಸ್ತರದವರು ಪೂರ್ತಿ 100 ಕೊಡುತ್ತಾರೆ. ಅವರಿಗೆ ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ಐದು ಮತ್ತು ಆರರವರು, ಅಂಗಡಿ ಮುಂಗಟ್ಟಿನವರು, ಮೇಲೆ ಶೇ 20 ಸೇರಿಸಿ 120 ಕಟ್ಟುತ್ತಾರೆ. ಹೀಗೆ ಬಂದ ಹಣ ಸಾಲದೆ ಹೋದರೆ ಸರಕಾರದ ಬೊಕ್ಕಸ ತುಂಬಿಕೊಡಬೇಕು. ನೀರಿನಲ್ಲಿ ಏರಿಳಿತ ಇನ್ನೂ ಕಡಿದು: ಒಂದನೆಯದಕ್ಕೆ ಶೇ 70ರವರೆಗೆ ರಿಯಾಯಿತಿ, ಆರನೆಯದಕ್ಕೆ ಕನಿಷ್ಠ ಶೇ 60 ಹೆಚ್ಚುವರಿ.

ರಿಯಾಯಿತಿ ಎಲ್ಲ ಯೂನಿಟ್‌ಗಳಿಗೂ ಇಲ್ಲ, ಬದುಕಲು ಬೇಕಾದಷ್ಟಕ್ಕೆ ಮಾತ್ರ. ಆ ‘ಬೇಕಾದಷ್ಟು’ ಎಷ್ಟು ಎಂಬುದು ಊರಿನ ಎತ್ತರದ ಮೇಲೆ ನಿಂತಿದೆ. ಸಮುದ್ರ ಮಟ್ಟದಿಂದ 1,000 ಮೀಟರಿಗಿಂತ ಮೇಲಿರುವ ಊರುಗಳಲ್ಲಿ ತಿಂಗಳಿಗೆ 130 ಯೂನಿಟ್, ಕೆಳಗಿನ ಸೆಕೆಯ ಊರುಗಳಲ್ಲಿ 173. ಕೆರಿಬಿಯನ್ ಕಡಲ ಬದಿಯ ಬರಂಕೀಯದಲ್ಲಿ ಫ್ಯಾನಿಲ್ಲದೆ ಕಣ್ಣು ಮುಚ್ಚಲಾಗದು. ಮೆಡೆಯಿನ್‌ನವರಿಗೆ ತಂಗಾಳಿ ಇದೆಯಲ್ಲ! ಮೊದಲ ಬಾರಿ ಇದನ್ನು ಓದಿದಾಗ ನಕ್ಕಿದ್ದೆ. ಆಮೇಲೆ ಇದರಷ್ಟು ವಿವೇಕದ ನಿಯಮ ಇಡೀ ಬಿಲ್ಲಿನಲ್ಲಿ ಇನ್ನೊಂದಿಲ್ಲ ಎನಿಸಿತು.

ಹಾಗಾದರೆ ಯಾವ ಮನೆಗೆ ಯಾವ ಅಂಕಿ ಎಂದು ತೀರ್ಮಾನವಾಗುವುದು ಹೇಗೆ? ತೊಡಕಿರುವುದು ಇಲ್ಲಿಯೇ. ಯಾರೂ ಬಂದು ನಿಮ್ಮ ಸಂಬಳ ಕೇಳುವುದಿಲ್ಲ. ನೋಡುವುದು ಮನೆಯನ್ನು, ಅದೂ ಹೊರಗಿನಿಂದ: ಮುಂಭಾಗದ ಗೋಡೆ ಯಾವುದರಿಂದ ಆಗಿದೆ, ಬಾಗಿಲು ಎಂಥದ್ದು, ಗ್ಯಾರೇಜ್ ಇದೆಯೇ, ಮನೆ ಮುಂದೆ ಕೈತೋಟ ಇದೆಯೇ, ಕಾಲುದಾರಿ ಹೇಗಿದೆ, ಬೀದಿಗೆ ಟಾರು ಬಿದ್ದಿದೆಯೇ. ಮನೆಮನೆಗೂ ಬೇರೆ ಬೇರೆ ಅಂಕಿ ಹಾಕುವುದಕ್ಕಿಂತ ಬೀದಿಯ ಒಂದು ಬದಿಗೆ ಒಟ್ಟಾಗಿ ಒಂದು ಅಂಕಿ ಬೀಳುವುದೇ ಹೆಚ್ಚು. ವಿಧಾನವನ್ನು ರಾಷ್ಟ್ರೀಯ ಅಂಕಿಅಂಶ ಇಲಾಖೆ ರೂಪಿಸಿದೆ, ಜಾರಿ ಮಾಡುವುದು ಆಯಾ ಊರಿನ ಮೇಯರ್. ಒಪ್ಪದವರು ಮೇಲ್ಮನವಿ ಹಾಕಬಹುದು.

ಕನ್ನಡದ ಓದುಗರಿಗೆ ಒಂದು ಹೋಲಿಕೆಯಿಂದ ಇದು ಬೇಗ ಹಿಡಿಸಬಹುದು. ನಮ್ಮಲ್ಲಿ ಬಿಪಿಎಲ್ ಕಾರ್ಡ್ ಇದೆ. ಅದು ಕುಟುಂಬದ ಆದಾಯಕ್ಕೆ ಕಟ್ಟಿದ್ದು, ಮನೆ ಬದಲಿಸಿದರೆ ಜೊತೆಗೆ ಬರುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಆದಾಯವನ್ನೂ ಕೇಳದು, ಗೋಡೆಯನ್ನೂ ನೋಡದು. 200 ಯೂನಿಟ್‌ಗಳ ಮಿತಿಯೊಳಗಿನ ಬಳಕೆಯನ್ನಷ್ಟೇ ನೋಡುತ್ತದೆ. ಕೊಲಂಬಿಯದ ಅಂಕಿ ಗೋಡೆಗೆ ಅಂಟಿದ್ದು. ಬಾಡಿಗೆದಾರ ಹೋದರೂ ಅದು ಅಲ್ಲೇ ಇರುತ್ತದೆ, ಮುಂದೆ ಬರುವವನಿಗೆ ಕಾಯುತ್ತಾ. ಬಡ ಕುಟುಂಬಗಳನ್ನು ಗುರುತಿಸಲು ಸಿಸ್ಬೆನ್ ಎಂಬ ಬೇರೆಯದೇ ಪಟ್ಟಿ ಇದೆ. ಹೊಸದಾಗಿ ಬಂದವರು ಎರಡನ್ನೂ ಕಲಸಿಬಿಡುತ್ತಾರೆ. ಸಾಲದ್ದಕ್ಕೆ ನಗರದ ಹದಿನಾರು ವಿಭಾಗಗಳಿಗೂ ಹೆಸರಿನ ಜೊತೆ ಅಂಕಿಗಳಿವೆ. ನಾನಿರುವ ಬೆಲೆನ್ ಹದಿನಾರನೇ ‘ಕೊಮೂನಾ’. ನನ್ನ ಸ್ತರ ಹದಿನಾರು ಎಂದು ಒಮ್ಮೆ ಬ್ಯಾಂಕಿನಲ್ಲಿ ಗಂಭೀರವಾಗಿ ಹೇಳಿ, ಕೌಂಟರಿನ ಹುಡುಗಿ ನಗು ತಡೆದುಕೊಳ್ಳಲು ಪಟ್ಟ ಪಾಡನ್ನು ನೋಡಿದ್ದೇನೆ.

ಈ ಮನೆ ಸಿಕ್ಕಿದ್ದೂ ಒಂದು ಕಥೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಾಳಿದವನು ನಾನು. ಇಲ್ಲಿ 2003ರ ಬಾಡಿಗೆ ಕಾನೂನು ವಾಸದ ಮನೆಗೆ ಠೇವಣಿ ಪಡೆಯುವುದನ್ನೇ ನಿಷೇಧಿಸಿದೆ ಎಂದು ಕೇಳಿ ಕುಣಿದಾಡಿದೆ. ಆ ಸಂತೋಷ ಒಂದು ದಿನ ಉಳಿಯಿತು. ಠೇವಣಿಯ ಬದಲು ಅವರು ಕೇಳುವುದು ‘ಫಿಯಾದೊರ್’, ಅಂದರೆ ಜಾಮೀನುದಾರ; ಅವನಿಗೆ ಈ ದೇಶದಲ್ಲಿ ಸ್ವಂತ ಆಸ್ತಿಯೋ ಖಾಯಂ ವರಮಾನವೋ ಇರಬೇಕು. ನೆನ್ನೆ ವಿಮಾನ ಇಳಿದವನಿಗೆ ಅಂಥ ಬಂಧು ಎಲ್ಲಿಂದ ಬಂದಾನು? ಬಹಳಷ್ಟು ವಿದೇಶಿಯರು ಇದೇ ಕಾರಣಕ್ಕೆ ಎಲ್ ಪೊಬ್ಲಾದೊ ಬಡಾವಣೆಯ ಸಜ್ಜಾದ ಫ್ಲ್ಯಾಟುಗಳಲ್ಲಿ ತಿಂಗಳ ಲೆಕ್ಕದಲ್ಲಿ ಇಳಿದು ಅಲ್ಲಿಯೇ ಉಳಿದುಬಿಡುತ್ತಾರೆ. ಅಲ್ಲಿನ ಬಾಡಿಗೆ ಏರುವುದಕ್ಕೆ ಅವರೂ ಒಂದು ಕಾರಣ ಎಂದು ಊರಿನವರು ಗೊಣಗುತ್ತಾರೆ, ಅದು ಸುಳ್ಳೇನಲ್ಲ. ನಾನು ಕೊನೆಗೆ ವಿಮೆಯವರಿಗೆ ಹಣ ಕಟ್ಟಿ ಅವರನ್ನೇ ಜಾಮೀನು ನಿಲ್ಲಿಸಿದೆ. ಬಾಡಿಗೆ ಜಾಹೀರಾತಿನಲ್ಲಿ ಕೋಣೆ ಎಷ್ಟು, ಬಚ್ಚಲು ಎಷ್ಟು ಎಂಬುದರ ಪಕ್ಕದಲ್ಲಿಯೇ ಸ್ತರ ಎಷ್ಟು ಎಂದೂ ಬರೆದಿರುತ್ತದೆ.

ಒಂದು ಗಂಟೆಗೆ ಊಟಕ್ಕೆ ಹೊರಟೆ. ದಾರಿ ತಪ್ಪುವ ಭಯ ಇಲ್ಲಿ ಕಡಿಮೆ. ‘ಕಾಯೆ’ಗಳು ಒಂದು ದಿಕ್ಕಿಗೆ, ‘ಕರೇರಾ’ಗಳು ಅದಕ್ಕೆ ಅಡ್ಡಲಾಗಿ, ನಮ್ಮ ಮೇನ್ ಮತ್ತು ಕ್ರಾಸ್ ಇದ್ದಂತೆ, ಆದರೆ ಇನ್ನೂ ಕರಾರುವಾಕ್ಕು. ವಿಳಾಸ ‘ಕಾಯೆ 44, 70-25’ ಎಂದಿದ್ದರೆ 44ನೇ ಕಾಯೆಯ ಮೇಲೆ, 70ನೇ ಕರೇರಾದ ಮೂಲೆಯಿಂದ ಸುಮಾರು 25 ಮೀಟರ್ ನಡೆಯಬೇಕು. ಬೆಸ ಸಂಖ್ಯೆ ಒಂದು ಬದಿ, ಸಮ ಸಂಖ್ಯೆ ಇನ್ನೊಂದು ಬದಿ. ‘ಮಾರಮ್ಮನ ಗುಡಿ ಹತ್ತಿರ ಬಂದು ಫೋನ್ ಮಾಡಿ’ ಎನ್ನುವ ಅಗತ್ಯವೇ ಬೀಳದು.

ಊಟದ ಮನೆಯಲ್ಲಿ ಸೂಪು, ಅನ್ನ, ಕೆಂಪು ರಾಜ್ಮಾ ಕಾಳಿನ ಗೊಜ್ಜು, ಕರಿದ ಬಾಳೆಹಣ್ಣು, ಮೆಕ್ಕೆಜೋಳದ ಪುಟ್ಟ ರೊಟ್ಟಿ ಅರೆಪಾ. ಮಾಂಸ ಬೇಡ ಎಂದರೆ ಕೋಳಿ ಹಾಕಲೇ ಎಂದು ಕೇಳುತ್ತಾರೆ. ಕಾಳಿನ ಗೊಜ್ಜಿನಲ್ಲಿ ಹಂದಿಯ ತುಂಡು ಈಜುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ನನ್ನ ಹೊಣೆ. ಎದುರಿಗೆ ಕುಳಿತ ವ್ಯಾನಿನ ಚಾಲಕರು ಮಾತಿಗೆ ಎಳೆದರು. ಎಲ್ಲಿ ಮನೆ ಎಂದರು, ಹೇಳಿದೆ. “ಅದು ಮೂರೋ ನಾಲ್ಕೋ?” ಎಂದರು. ಮೊದಲೆಲ್ಲ ಈ ಪ್ರಶ್ನೆಗೆ ಮೈ ಉರಿಯುತ್ತಿತ್ತು. ನಮ್ಮಲ್ಲಿ ‘ನಿಮ್ಮ ಕಡೆ ಯಾರು, ಮನೆದೇವರು ಯಾವುದು’ ಎಂದು ಬಳಸಿ ಬಳಸಿ ಕೇಳಿ ಜಾತಿ ತಿಳಿದುಕೊಳ್ಳುವವರ ನೆನಪು ಬರುತ್ತಿತ್ತು. ಹೋಲಿಕೆ ಅರ್ಧ ಮಾತ್ರ ಸರಿ. ಇಲ್ಲಿ ಲಾರಿಗೆ ಸಾಮಾನು ಹೇರಿ ಬೇರೆ ಬೀದಿಗೆ ಹೋದರೆ ಅಂಕಿ ಬದಲಾಗುತ್ತದೆ. ಆದರೆ ಬಿಲ್ಲಿಗೆಂದು ಹಾಕಿದ ಅಂಕಿಯನ್ನು ಜನ ಮನುಷ್ಯರ ಅಳತೆಗೂ ಬಳಸತೊಡಗಿದ್ದಾರೆ. ಮದುವೆಯ ಮಾತಿನಲ್ಲಿ, ಮಕ್ಕಳ ಶಾಲೆಯ ಮಾತಿನಲ್ಲಿ ಅದು ನುಸುಳುತ್ತದೆ. ಮನೆಯನ್ನು ನೋಡಿ ಹಾಕಿದ ಅಂಕಿ ಮನೆಯವರ ಹಣೆಗೆ ದಾಟಿಬಿಟ್ಟಿದೆ.

ಎರಡೂವರೆಗೆ ಲೌರೆಲೆಸ್‌ನಲ್ಲಿ ಸ್ಪ್ಯಾನಿಷ್ ಪಾಠ. 1940ರ ದಶಕದಲ್ಲಿ ಕಲಾವಿದ ಪೆದ್ರೊ ನೆಲ್ ಗೋಮೆಸ್ ನಕ್ಷೆ ಹಾಕಿದ ಬಡಾವಣೆ ಅದು. ಬೀದಿಗಳು ವೃತ್ತಾಕಾರ, ಎರಡೂ ಬದಿ ದೊಡ್ಡ ಮರಗಳು. ಮೇನ್-ಕ್ರಾಸ್ ಲೆಕ್ಕ ಅಲ್ಲಿ ಕೈಕೊಡುತ್ತದೆ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದಿದ್ದೇನೆ. ಪಾಠ ಹೇಳುವವರು ನಿವೃತ್ತ ಶಿಕ್ಷಕಿ, ತಂದೆ ಕಟ್ಟಿಸಿದ ಮನೆಯಲ್ಲಿ ಒಬ್ಬರೇ ಇದ್ದಾರೆ. ಆ ಮನೆ ಐದನೇ ಸ್ತರದ್ದು. ಪಿಂಚಣಿಯಲ್ಲಿ ಬದುಕುವ ಅವರು ಪ್ರತಿ ಯೂನಿಟ್ಟಿಗೂ 120 ಕಟ್ಟುತ್ತಾರೆ. ಡಾಲರಿನ ಲೆಕ್ಕದಲ್ಲಿ ಸಂಬಳ ಎಣಿಸುವ ನಾನು 85 ಕಟ್ಟುತ್ತೇನೆ. ನನ್ನ ಮನೆಗೆ ಇಂಟರ್ನೆಟ್ ಮೇಲಿನ ಶೇ 19ರ ವ್ಯಾಟ್ ಕೂಡ ಇಲ್ಲ. 1, 2, 3ನೇ ಸ್ತರಗಳಿಗೆ ಅದರ ವಿನಾಯಿತಿ ಇದೆ. ಕತ್ತಲಾಗುತ್ತಾ ಬಂದರೂ ಅವರು ದೀಪ ಹಾಕದೆ ಕಿಟಕಿಯ ಬಳಿಗೆ ಕುರ್ಚಿ ಎಳೆದುಕೊಂಡು ಪುಸ್ತಕ ತಿರುವುತ್ತಿದ್ದುದರ ಅರ್ಥ ನನಗೆ ಹೊಳೆಯಲು ಬಹಳ ದಿನ ಹಿಡಿಯಿತು. ಮನೆ ಮಾರಿ ಸಣ್ಣದಕ್ಕೆ ಹೋಗಬಾರದೇ ಎಂದು ಕೇಳುವ ಬುದ್ಧಿವಂತರಿದ್ದಾರೆ. ಅವರು ಆ ಅಂಗಳದ ಮಾವಿನ ಮರವನ್ನು ನೋಡಿಲ್ಲ.

ಆ ದಿನದ ಪಾಠ ಸರ್ವನಾಮಗಳದ್ದು. ಪುಸ್ತಕದ ಪ್ರಕಾರ ‘ತು’ ನೀನು, ‘ಉಸ್ತೆದ್’ ನೀವು. ಕನ್ನಡದವನಿಗೆ ಸುಲಭವೆಂದುಕೊಂಡರೆ ತಪ್ಪಿತು. ಮೆಡೆಯಿನ್‌ನಲ್ಲಿ ಗೆಳೆಯರಿಗೆ ‘ವೋಸ್’ ಎಂಬ ಮೂರನೆಯದೊಂದಿದೆ. ಉಸ್ತೆದ್ ಬರೀ ಗೌರವಕ್ಕಲ್ಲ. ತಾಯಿ ಮಗುವಿಗೆ, ಗಂಡ ಹೆಂಡತಿಗೆ, ಯಾರೋ ತಮ್ಮ ನಾಯಿಗೂ ಅದನ್ನೇ ಹೇಳುವುದನ್ನು ಕೇಳಿದ್ದೇನೆ. ಬೈಯುವಾಗಲೂ ‘ನೀವು’ ಎನ್ನುವ ಹಳೆ ಮೈಸೂರಿನ ಕೆಲವು ಮನೆಗಳು ಕಣ್ಣ ಮುಂದೆ ಬಂದವು.

ಪಾಠ ಮುಗಿಸಿ ಎಸ್ತಾದಿಯೊ ನಿಲ್ದಾಣದಲ್ಲಿ ಮೆಟ್ರೊ ಹತ್ತಿದೆ. 1995ರಲ್ಲಿ ಶುರುವಾದ ಈ ಮೆಟ್ರೊ ಮೇಲೆ ಊರಿನವರಿಗೆ ದೇವಸ್ಥಾನದಷ್ಟು ಭಕ್ತಿ. ಡಬ್ಬಿಯಲ್ಲಿ ಒಂದು ಗೀಚು ಇಲ್ಲ, ತಿಂಡಿಯ ಒಂದು ಚೂರು ಬಿದ್ದಿರುವುದಿಲ್ಲ. ಸಾನ್ ಅಂತೋನಿಯೊದಲ್ಲಿ ಗಾಡಿ ಬದಲಿಸಿ ಉತ್ತರಕ್ಕೆ ಅಸೆವೆದೊ, ಅಲ್ಲಿಂದ ಬೆಟ್ಟಕ್ಕೆ ಕೇಬಲ್ ಕಾರು. 2004ರಲ್ಲಿ ಶುರುವಾದ ಇದು ಪ್ರವಾಸಿಗರಿಗೆಂದು ಕಟ್ಟಿದ್ದಲ್ಲ, ಬೆಟ್ಟದ ಮೇಲಿನವರು ಕೆಲಸಕ್ಕೆ ಹೋಗಿಬರಲೆಂದು ಕಟ್ಟಿದ್ದು. ಅದಕ್ಕೆ ಬೇರೆ ಟಿಕೆಟ್ ಬೇಕಿಲ್ಲ. ಸುಮಾರು ಎರಡು ಕಿಲೋಮೀಟರ್ ದಾರಿ, ಹತ್ತು ನಿಮಿಷ. ಕೆಳಗೆ ತಗಡಿನ ಮಾಡುಗಳು, ಒಣಗಲು ಹಾಕಿದ ಬಟ್ಟೆ, ಮಹಡಿಯ ಮೇಲೆ ಗಾಳಿಪಟ ಹಿಡಿದ ಹುಡುಗ. ನನ್ನ ಜೊತೆ ಡಬ್ಬಿಯಲ್ಲಿದ್ದ ಇಬ್ಬರು ಹೆಂಗಸರು ಎಲ್ ಪೊಬ್ಲಾದೊದ ಮನೆಗೆಲಸ ಮುಗಿಸಿ ಬಂದವರು. ಬೆಳಿಗ್ಗೆ ಆರನೇ ಸ್ತರದ ನೆಲ ಒರೆಸಿ ಸಂಜೆ ಒಂದನೆಯದಕ್ಕೆ ಮರಳುವುದು ಅವರ ನಿತ್ಯದ ಓಡಾಟ.

ಮೇಲೆ ಸಾಂತೊ ದೊಮಿಂಗೊದಲ್ಲಿ ಗೆಳೆಯನೊಬ್ಬನ ಮನೆ. ಅವನು ನನ್ನಿಂದ ಇಂಗ್ಲಿಷ್ ಕಲಿಯುತ್ತಾನೆ, ಬದಲಿಗೆ ಬೀದಿಯ ಸ್ಪ್ಯಾನಿಷ್ ಕಲಿಸುತ್ತಾನೆ. ಅವರ ಮನೆಯ ಹೊರಗೋಡೆಗೆ ಗಾರೆ ಇಲ್ಲ, ಇಟ್ಟಿಗೆ ಹಾಗೇ ಕಾಣುತ್ತದೆ. ಒಳಗೆ ಹೋದರೆ ಹೊಳೆಯುವ ಟೈಲ್ಸ್, ದೊಡ್ಡ ಟಿವಿ. ಹೊರಗೆ ಗಾರೆ ಹಾಕಿದರೆ ಸ್ತರ ಏರಿ ಬಿಲ್ಲು ಏರುತ್ತದೆ ಎಂದು ಹೆದರುವವರು ಈ ಬೆಟ್ಟಗಳಲ್ಲಿ ಹಲವರಿದ್ದಾರೆ. ಹಣವಿಲ್ಲದೆ ಬಿಟ್ಟವರೂ ಇದ್ದಾರೆ, ಅವರೇ ಹೆಚ್ಚಿರಬಹುದು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಬಗೆಯ ಇಟ್ಟಿಗೆ. ವ್ಯವಸ್ಥೆಯ ಮೇಲಿನ ದೊಡ್ಡ ದೂರು ಇದೇ: ಬೀದಿ ಒಂದಿಷ್ಟು ಚೆನ್ನಾಗುವುದೇ ಶಿಕ್ಷೆಯಂತೆ ಕಾಣತೊಡಗುತ್ತದೆ. ಮನೆಯ ಬದಲು ಆದಾಯವನ್ನು ನೋಡೋಣ ಎಂಬ ಮಾತು ಬಹಳ ವರ್ಷಗಳಿಂದ ಕೇಳಿಬರುತ್ತಿದೆ. ದುಡಿಯುವವರಲ್ಲಿ ಅರ್ಧದಷ್ಟು ಮಂದಿಗೆ ಸಂಬಳದ ಚೀಟಿಯೇ ಇಲ್ಲದ ದೇಶದಲ್ಲಿ ಆದಾಯವನ್ನು ಅಳೆಯುವುದು ಗೋಡೆಯನ್ನು ನೋಡಿದಷ್ಟು ಸುಲಭವಲ್ಲ. ಗೋಡೆ ಸುಳ್ಳು ಹೇಳಿದರೂ ಓಡಿಹೋಗುವುದಿಲ್ಲ.

ವರ್ಷದ ಯಾವ ದಿನವೇ ಆಗಲಿ, ಸಂಜೆ ಆರರ ಸುಮಾರಿಗೆ ಇಲ್ಲಿ ಕತ್ತಲೆ. ಗೆಳೆಯನ ತಾಯಿ ಕೊಟ್ಟ ಬೆಲ್ಲದ ನೀರು ಕುಡಿದು ಮಹಡಿಯಲ್ಲಿ ನಿಂತರೆ ಇಡೀ ಕಣಿವೆ ಹಣತೆ ಹಚ್ಚಿದಂತೆ. ಇಷ್ಟು ಒಳ್ಳೆಯ ನೋಟ ಐದನೇ ಸ್ತರದ ನನ್ನ ಶಿಕ್ಷಕಿಗೆ ಸಿಗದು. ಬಿಲ್ಲಿನಲ್ಲಿ ಅದಕ್ಕೆ ಸಾಲು ಇಲ್ಲ.

ಮನೆ ತಲುಪಿದಾಗ ದೋನ್ಯಾ ಮೆಟ್ಟಿಲ ಮೇಲೆ ಬಣ್ಣದ ಅಂಗಡಿಯ ಕಾರ್ಡು ಹಿಡಿದು ಕುಳಿತಿದ್ದರು. ಡಿಸೆಂಬರಿನ ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸಬೇಕಂತೆ, ಯಾವುದು ಚೆಂದ ಎಂದು ಕೇಳಿದರು. ತಿಳಿಹಳದಿ ತೋರಿಸಿದೆ. ಮುಂಭಾಗಕ್ಕೆ ಅದು ಒಪ್ಪುತ್ತದೆ ಎಂದೆ. ಅವರು ನನ್ನ ಕಡೆ, ಆಮೇಲೆ ಬೀದಿಯ ಕಡೆ ನೋಡಿದರು. ಒಂದು ಮನೆಯ ಬಣ್ಣದಿಂದ ಬೀದಿಯ ಸ್ತರ ಬದಲಾಗುವುದಿಲ್ಲ, ಅದಕ್ಕೆ ಬೇರೆ ಲೆಕ್ಕಾಚಾರವಿದೆ ಎಂದು ನಾನು ಓದಿ ತಿಳಿದದ್ದನ್ನೆಲ್ಲ ನನ್ನ ಹರಕು ಸ್ಪ್ಯಾನಿಷಿನಲ್ಲಿ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಾರ್ಡನ್ನು ಮಡಚಿ, ತಿಳಿಹಳದಿ ಒಳಗಿನ ಕೋಣೆಗಳಿಗೆ ಚೆನ್ನಾಗಿರುತ್ತದೆ ಎಂದು ಹೇಳಿ ಮೇಲೆ ಹೋದರು.